ಏರಿಗೆ ಎಂಜಿನ್ ಸಿಕ್ಕಿತು, ಇಳಿಜಾರಿಗೆ ಏನು ಮಾಡ್ತೀರಿ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಮನೆ ಗುಡ್ಡದ ಮೇಲಿದೆ, ಅಡಿಕೆ ತೋಟ ಕೆಳಗಿದೆ. ನಡುವೆ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ. ಗೊಬ್ಬರ, ಔಷಧಿ, ಸಾಮಾನು ಅಂತ ದಿನಾ ನಾಲ್ಕೈದು ಸಲ ಹತ್ತಿ ಇಳಿಯಬೇಕು. ಮೂಲೆಯಲ್ಲಿ ಬಿದ್ದಿರುವ ಹೋಂಡಾ ಜಿಎಕ್ಸ್ 160 ಎಂಜಿನ್ ಒಂದಿದೆ, ಹಳೇ ಪಂಪ್‌ಸೆಟ್‌ನದು. ಅಪ್ಪನ ಜೆಂಟ್ಸ್ ಸೈಕಲ್ಲೂ ಇದೆ. ಆನ್‌ಲೈನ್‌ನಲ್ಲಿ ಟಾರ್ಕ್ ಕನ್ವರ್ಟರ್ ಕಿಟ್ ನೋಡಿದ್ದೇನೆ. ಮೂರನ್ನೂ ಸೇರಿಸಬಹುದಾ? ನನ್ನ ಗೆಳೆಯ ಅಷ್ಟೆಲ್ಲ ಬೇಡ, ಸಾದಾ ಸೆಂಟ್ರಿಫ್ಯೂಗಲ್ ಕ್ಲಚ್ ಸಾಕು ಅನ್ನುತ್ತಾನೆ. ಮಾಡಿದ ಮೇಲೆ ಪೇಟೆಗೂ ಓಡಿಸಬಹುದಾ?

ಉತ್ತರ: ಸೇರಿಸಬಹುದು. ಓಡುತ್ತದೆ, ಏರನ್ನೂ ಹತ್ತುತ್ತದೆ. ಆದರೆ ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎಂಜಿನ್ ಇದೆ, ಕ್ಲಚ್ ಇದೆ, ಪೇಟೆಯೂ ಇದೆ. ಬ್ರೇಕ್ ಅನ್ನೋ ಪದ ಮಾತ್ರ ಎಲ್ಲೂ ಇಲ್ಲ. ಮನೆ ಮೇಲೆ, ತೋಟ ಕೆಳಗೆ ಅಂದರೆ ದಿನದ ಮೊದಲ ಸವಾರಿ ಇಳಿಜಾರಿನದ್ದೇ ಅಲ್ವಾ? ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ.

ಟಾರ್ಕ್ ಕನ್ವರ್ಟರ್ ಅನ್ನೋ ಹೆಸರೇ ದಾರಿ ತಪ್ಪಿಸುತ್ತದೆ. ಆಟೋಮ್ಯಾಟಿಕ್ ಕಾರಿನ ಟಾರ್ಕ್ ಕನ್ವರ್ಟರ್ ಒಳಗೆ ಎಣ್ಣೆ ಸುತ್ತುತ್ತದೆ. ಗೋ-ಕಾರ್ಟ್, ಮಿನಿಬೈಕ್ ಕಟ್ಟುವವರು ಆ ಹೆಸರಿನಲ್ಲಿ ಕರೆಯುವ ವಸ್ತು ಬೇರೆಯೇ. ಇದರಲ್ಲಿ ಎಣ್ಣೆ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್, ಅಷ್ಟೇ. ಸ್ಕೂಟರ್ ರಿಪೇರಿ ಮಾಡುವ ಯಾರಿಗಾದರೂ ತೋರಿಸಿ, 'ಇದು ವೇರಿಯೇಟರ್ ಅಲ್ವಾ ಮಾರಾಯ್ರೆ' ಅನ್ನುತ್ತಾರೆ. ಸರಿಯಾಗೇ ಹೇಳುತ್ತಾರೆ. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಗೇರಿಲ್ಲದ ಸ್ಕೂಟರ್ ಅಂತ ಜನ ಬೆರಗಾಗಿ ನೋಡಿದ್ದು ಇದೇ ತಂತ್ರವನ್ನು.

ಎಂಜಿನ್ ಶಾಫ್ಟ್ ಮೇಲೆ ಕೂರುವ ಮುಂದಿನ ಪುಲ್ಲಿಯೊಳಗೆ ತೂಕದ ತುಂಡುಗಳಿರುತ್ತವೆ. ಎಂಜಿನ್ ಜೋರಾದಂತೆ ಅವು ಹೊರಕ್ಕೆ ಸರಿದು ಪುಲ್ಲಿಯ ಎರಡು ಕೆನ್ನೆಗಳನ್ನು ಹತ್ತಿರ ತರುತ್ತವೆ. ಬೆಲ್ಟ್ ಹಿಂಡಿದ ಹಾಗಾಗಿ ಮೇಲೇರುತ್ತದೆ. ಬೆಲ್ಟ್‌ನ ಉದ್ದ ಬದಲಾಗುವುದಿಲ್ಲ, ಹಾಗಾಗಿ ಹಿಂದಿನ ಪುಲ್ಲಿಯಲ್ಲಿ ಅದು ಕೆಳಗಿಳಿಯಬೇಕು. ಹೊರಡುವಾಗ ಎಂಜಿನ್ ಸುಮಾರು 2.7 ಸುತ್ತು ಸುತ್ತಿದರೆ ಹಿಂದಿನ ಶಾಫ್ಟ್ ಒಂದು ಸುತ್ತು. ವೇಗ ಸಿಕ್ಕ ಮೇಲೆ ಎಂಜಿನ್‌ನ 0.9 ಸುತ್ತಿಗೇ ಒಂದು ಸುತ್ತು. ಇದು 30 ಸೀರೀಸ್ ಅಂತ ಸಿಗುವ ಸಾಮಾನ್ಯ ಕಿಟ್‌ನ ಲೆಕ್ಕ. ನೀವು ನೋಡಿರುವುದೂ ಬಹುಶಃ ಅದೇ.

ಜಾಣತನ ಇರುವುದು ಹಿಂದಿನ ಪುಲ್ಲಿಯಲ್ಲಿ. ಅದರ ಒಳಗೆ ಒಂದು ಸ್ಪ್ರಿಂಗ್, ಜೊತೆಗೆ ಓರೆಯಾಗಿ ಕಡಿದ ಒಂದು ಜಾರು ಮೆಟ್ಟಿಲು ಇರುತ್ತದೆ. ಏರು ಬಂದು ಚಕ್ರ ಭಾರ ಅನ್ನಿಸಿದ ತಕ್ಷಣ ಆ ಓರೆ ಮೆಟ್ಟಿಲು ಕೆನ್ನೆಗಳನ್ನು ಒತ್ತಿ ಬೆಲ್ಟ್ ಅನ್ನು ಮೇಲಕ್ಕೆ ದೂಡುತ್ತದೆ. ನೀವು ಕೈ ಹಾಕದೇ ಗೇರ್ ಇಳಿದ ಹಾಗೆ. ಮಲೆನಾಡಿನ ರಸ್ತೆಗೆ ಇದಕ್ಕಿಂತ ಹೊಂದುವ ಏರ್ಪಾಟು ಕಡಿಮೆ. ನಮ್ಮಲ್ಲಿ ನೂರು ಮೀಟರ್ ಒಂದೇ ಸಮ ಇರುವ ರಸ್ತೆ ಹುಡುಕಿದರೂ ಸಿಗಲ್ಲ.

ಗೆಳೆಯರ ಮಾತು ದಾವಣಗೆರೆ ಬಯಲಲ್ಲಿ ಸರಿ. ಸೆಂಟ್ರಿಫ್ಯೂಗಲ್ ಕ್ಲಚ್‌ಗೆ ಇರುವುದು ಒಂದೇ ಗೇರ್. ಎಂಜಿನ್ ಒಂದು ಮಟ್ಟದ ಸುತ್ತು ಮುಟ್ಟಿದ ಮೇಲಷ್ಟೇ ಅದರ ಶೂಗಳು, ಅಂದರೆ ಹೊರಕ್ಕೆ ಸರಿಯುವ ತುಂಡುಗಳು, ಸುತ್ತಲಿನ ಡ್ರಮ್ ಅನ್ನು ಪೂರ್ತಿ ಕಚ್ಚುತ್ತವೆ. ಕಡಿದಾದ ಏರಿನಲ್ಲಿ ವೇಗ ಬಿದ್ದರೆ ಅರ್ಧ ಕಚ್ಚಿ ಅರ್ಧ ಜಾರುತ್ತದೆ. ಜಾರಿದಷ್ಟೂ ಬಿಸಿ. ನಾನು ಮೊದಲ ಸಲ ಇಂಥದ್ದೊಂದು ಮಾಡಿದ್ದು ಕ್ಲಚ್ ಹಾಕಿಯೇ. ಮೂರನೇ ದಿನ ಡ್ರಮ್ ನೀಲಿ ಬಣ್ಣಕ್ಕೆ ತಿರುಗಿತ್ತು. ವಾಸನೆ ಬಂದಾಗ ಯಾರೋ ಒಲೆಗೆ ರಬ್ಬರ್ ಹಾಕಿದ್ದಾರೆ ಅಂದುಕೊಂಡೆ. ನಿಮ್ಮ ಗುಡ್ಡಕ್ಕೆ ಕನ್ವರ್ಟರೇ ಸರಿ.

ಇನ್ನು ಎಂಜಿನ್. ನಿಮ್ಮ ತೂಕ 70 ಕೆಜಿ, ಗಾಡಿ 50, ಸಾಮಾನು 20 ಅಂತ ಇಟ್ಟುಕೊಳ್ಳೋಣ. ಒಟ್ಟು 140. ಹತ್ತು ಮೀಟರ್ ಹೋದರೆ ಒಂದು ಮೀಟರ್ ಏರುವ ರಸ್ತೆಯಲ್ಲಿ, ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರದಲ್ಲಿ ಸುಮಾರು 750 ವ್ಯಾಟ್ ಬೇಕು. ಮಣ್ಣಿನ ಎಳೆತವೂ ಇದರಲ್ಲಿ ಸೇರಿದೆ. ಬೆಲ್ಟ್, ಚೈನು ತಿನ್ನುವ ಪಾಲು ಕೂಡಿಸಿದರೆ ಎಂಜಿನ್ ಕೊಡಬೇಕಾದದ್ದು ಒಂದೂಕಾಲು ಎಚ್‌ಪಿ. ನಿಮ್ಮ ಹತ್ತಿರ ಇರುವುದು ನಿಮಿಷಕ್ಕೆ 3600 ಸುತ್ತಿನಲ್ಲಿ 4.8 ಎಚ್‌ಪಿ ಕೊಡುವ ಎಂಜಿನ್. ಬೇಕಾದದ್ದಕ್ಕಿಂತ ಹೆಚ್ಚು ಕಡಿಮೆ ನಾಲ್ಕು ಪಟ್ಟು. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನಬೇಡಿ. ಜಾಸ್ತಿ ಇರುವುದನ್ನೆಲ್ಲ ಹೊರುವುದು ಸೈಕಲ್‌ನ ಕಡ್ಡಿಗಳು.

ಅಳತೆಯದ್ದೂ ತೊಂದರೆ. ಈ ಎಂಜಿನ್ 15 ಕೆಜಿ ತೂಗುತ್ತದೆ, ಅಡ್ಡಗಲ 36 ಸೆಂಟಿಮೀಟರ್. ಸೈಕಲ್‌ನ ಎರಡು ಪೆಡಲ್ ಕಾಲುಗಳ ನಡುವೆ ಒಂದು ಗೇಣೂ ಜಾಗ ಇಲ್ಲ. ಫ್ರೇಮಿನ ತ್ರಿಕೋನದಲ್ಲಿ ಇಟ್ಟರೆ ನಿಮ್ಮ ಒಂದು ಮೊಣಕಾಲು ಸೈಲೆನ್ಸರ್ ಕಡೆಗೆ, ಇನ್ನೊಂದು ಬೆಲ್ಟ್ ಕಡೆಗೆ. ಕೆಲವರು ಪೆಡಲ್ ಅಚ್ಚನ್ನೇ ಉದ್ದ ಮಾಡಿಸಿ, ಕಾಲು ಅಗಲಿಸಿ ತುಳಿಯುತ್ತಾರೆ. ಕೋಣದ ಮೇಲೆ ಕೂತು ತುಳಿದ ಹಾಗಿರುತ್ತದೆ. ಇನ್ನು ಕೆಲವರು ಎಂಜಿನ್ ಅನ್ನು ಓರೆ ಮಲಗಿಸಿ ತುರುಕುತ್ತಾರೆ. ಅದನ್ನಂತೂ ಮಾಡಬೇಡಿ. ಇದರಲ್ಲಿ ಆಯಿಲ್ ಪಂಪ್ ಇಲ್ಲ. ಕೆಳಗಿರುವ ಅರ್ಧ ಲೀಟರ್ ಚಿಲ್ಲರೆ ಆಯಿಲನ್ನು ಒಳಗಿನ ಒಂದು ಸೌಟು ಎರಚುತ್ತದೆ, ಅಷ್ಟೇ. 20 ಡಿಗ್ರಿಗಿಂತ ಹೆಚ್ಚು ವಾಲಿಸಿ ಓಡಿಸುವ ಹಾಗಿಲ್ಲ. ನಿಮ್ಮ ರಸ್ತೆಯೇ ಕೆಲವು ಕಡೆ 10, 14 ಡಿಗ್ರಿ ವಾಲಿರಬಹುದು. ಎಂಜಿನ್ ನೆಟ್ಟಗೆ ಕೂತಿದ್ದರೆ ಮಾತ್ರ ಆ ಲೆಕ್ಕ ತಾಳೆಯಾಗುತ್ತದೆ.

ಇದೇ ಆಯಿಲ್‌ನಿಂದ ನಾನು ಎರಡು ದಿನ ಮೂರ್ಖನಾಗಿದ್ದೆ. ಗುಂಡಿ ಹಾರಿಸಿದಾಗೆಲ್ಲ ಎಂಜಿನ್ ಪಟ್ಟಂತ ಬಂದ್. ಕಾರ್ಬೊರೇಟರ್ ಬಿಚ್ಚಿದೆ, ಪ್ಲಗ್ ಬದಲಿಸಿದೆ, ಪೆಟ್ರೋಲ್ ಸೋಸಿದೆ. ಕೊನೆಗೆ ನೋಡಿದರೆ ಆಯಿಲ್ ಕಡಿಮೆಯಾದಾಗ ಎಂಜಿನ್ ನಿಲ್ಲಿಸುವ ಸೆನ್ಸರ್ ತನ್ನ ಕೆಲಸ ಮಾಡುತ್ತಿತ್ತು! ಆಯಿಲ್ ಒಂದು ಬೆರಳು ಕಡಿಮೆ ಇತ್ತು. ಅಲುಗಾಡಿದಾಗ ಸೆನ್ಸರ್‌ಗೆ ಖಾಲಿ ಅನ್ನಿಸುತ್ತಿತ್ತು. ನಿಮ್ಮ ಎಂಜಿನ್‌ನಲ್ಲಿ ಆ ಸೆನ್ಸರ್ ಇದ್ದರೆ ಆಯಿಲನ್ನು ತೂತಿನ ಅಂಚಿನವರೆಗೆ ತುಂಬಿಸಿ.

ಕಿಟ್‌ಗೆ ದುಡ್ಡು ಕಟ್ಟುವ ಮೊದಲು ನೋಡಬೇಕಾದದ್ದು ಎಂಜಿನ್‌ನ ಶಾಫ್ಟ್. ಕನ್ವರ್ಟರ್‌ಗೆ ಬೇಕಾದದ್ದು ಮುಕ್ಕಾಲು ಇಂಚಿನ, ಅಂದರೆ 19.05 ಮಿ.ಮೀ.ನ ನೇರ ಶಾಫ್ಟ್, ಅದರಲ್ಲಿ ಕೀ, ಅಂದರೆ ಪುಲ್ಲಿ ಜಾರದಂತೆ ಹಿಡಿಯುವ ತುಂಡು, ಕೂರುವ ತೋಡು. ನಿಮ್ಮದು ಪಂಪ್‌ಸೆಟ್‌ನಿಂದ ಬಂದದ್ದು. ಪಂಪಿಗೆ ನೇರ ಕೂರುವ ಎಂಜಿನ್‌ಗಳಲ್ಲಿ ಶಾಫ್ಟ್ ತುದಿಗೆ ಥ್ರೆಡ್ ಹಾಕಿರುತ್ತಾರೆ, ಕೀ ತೋಡು ಇರುವುದಿಲ್ಲ. ಆಗ ಕಿಟ್ ಬಂದರೂ ಕೂರಿಸಲು ಆಗಲ್ಲ. ಪುಲ್ಲಿ ಹಾಕಿ ಔಷಧಿ ಹೊಡೆಯುವ ಪಂಪಿಗೆ ಬಳಸುವ ಎಂಜಿನ್‌ಗಳಲ್ಲಿ ನೇರ ಶಾಫ್ಟ್ ಇರುತ್ತದೆ. ಇನ್ನೊಂದು ಜಾತಿ ಇದೆ. ಅದರಲ್ಲಿ ಎಂಜಿನ್ ಪಕ್ಕದಲ್ಲೇ ಗೇರ್ ಡಬ್ಬಿ ಇದ್ದು ಶಾಫ್ಟ್ ಅರ್ಧ ವೇಗದಲ್ಲಿ ಸುತ್ತುತ್ತದೆ. ಮುಂದಿನ ಪುಲ್ಲಿ ಕಚ್ಚಲು ಶುರುಮಾಡುವುದೇ 2000 ಸುತ್ತಿನ ಆಸುಪಾಸಿನಲ್ಲಿ. ಅರ್ಧ ವೇಗದ ಶಾಫ್ಟ್ ಪೂರ್ತಿ ಎಕ್ಸಲೇಟರ್ ಕೊಟ್ಟರೂ 1800ಕ್ಕೆ ನಿಲ್ಲುತ್ತದೆ. ಎಂಜಿನ್ ಅರಚುತ್ತದೆ, ಗಾಡಿ ಅಲ್ಲೇ ಇರುತ್ತದೆ.

ಶಾಫ್ಟ್ ತುದಿಗೆ ಹಾಕುವ ಬೋಲ್ಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಮುಕ್ಕಾಲು ಇಂಚಿನ ಶಾಫ್ಟ್‌ನ ತೂತಿನಲ್ಲಿರುವುದು 5/16 ಇಂಚಿನ, ಇಂಚಿಗೆ 24 ಎಳೆಯ ಸಣ್ಣ ಥ್ರೆಡ್. ನೋಡಲು ಥೇಟ್ 8 ಮಿ.ಮೀ. ಬೋಲ್ಟ್ ತರಹವೇ. ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಸ್ಪ್ಯಾನರ್ ಹಾಕಿ ಒತ್ತಿದಿರೋ, ಶಾಫ್ಟ್‌ನ ಥ್ರೆಡ್ ಕೆಟ್ಟಿತು ಅಂತಲೇ ಲೆಕ್ಕ. ಇಂಚಿನ ಬೋಲ್ಟನ್ನೇ ಹುಡುಕಿ ತನ್ನಿ.

ಈಗ ಗೇರ್ ಲೆಕ್ಕ. ಬಹಳ ಜನ ಎಡವುವುದು ಇಲ್ಲೇ. 28 ಇಂಚಿನ ಸೈಕಲ್ ಚಕ್ರ ಒಂದು ಸುತ್ತಿಗೆ ಸುಮಾರು 2.24 ಮೀಟರ್ ಹೋಗುತ್ತದೆ. ಕಿಟ್ ಜೊತೆ ಬರುವ ಸಣ್ಣ ಸ್ಪ್ರಾಕೆಟ್‌ನಲ್ಲಿ ಹತ್ತು ಹಲ್ಲು, ಚಕ್ರಕ್ಕೆ 60 ಹಲ್ಲು ಹಾಕಿದಿರಿ ಅನ್ನಿ. ಆರಕ್ಕೆ ಒಂದು, ಅಂದರೆ ಹಿಂದಿನ ಶಾಫ್ಟ್ ಆರು ಸುತ್ತಿದರೆ ಚಕ್ರ ಒಂದು ಸುತ್ತು. ಎಂಜಿನ್ 3600ರಲ್ಲಿದ್ದಾಗ ಕನ್ವರ್ಟರ್ ಪೂರ್ತಿ ವೇಗದ ಗೇರಿಗೆ ಬಂದು ಹಿಂದಿನ ಶಾಫ್ಟ್ 4000 ಸುತ್ತುತ್ತದೆ. ಅದನ್ನು ಆರರಿಂದ ಭಾಗಿಸಿ, 2.24ರಿಂದ ಗುಣಿಸಿ, ಗಂಟೆಗೆ ತಿರುಗಿಸಿ. 90 ಕಿ.ಮೀ.! ಅಪ್ಪನ ಜೆಂಟ್ಸ್ ಸೈಕಲ್, ರಾಡ್ ಬ್ರೇಕ್, 90 ಕಿ.ಮೀ. ಯೋಚನೆ ಮಾಡಿ.

ಹಾಗಾದರೆ ಹದಿನೈದಕ್ಕೆ ಒಂದು ಮಾಡೋಣ ಅಂದರೆ ವೇಗ 36ಕ್ಕೆ ಇಳಿಯುತ್ತದೆ. ಆದರೆ ಹೊರಡುವಾಗ ಚಕ್ರ ನೆಲವನ್ನು ಸುಮಾರು 95 ಕೆಜಿ ಬಲದಿಂದ ದೂಡಬಲ್ಲದು. ನಾಲ್ಕು ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ದಾರಿಗೂ ಬೇಕಾಗುವುದು 40 ಕೆಜಿ. ಉಳಿದ ಬಲ ಮುಂದಿನ ಚಕ್ರ ಎತ್ತುತ್ತದೆ. ಏರಿನಲ್ಲಿ, ಹಿಂದೆ ಗೊಬ್ಬರದ ಚೀಲ ಕಟ್ಟಿಕೊಂಡು, ಮುಂದಿನ ಚಕ್ರ ಎದ್ದರೆ ಮೂಳೆ ಡಾಕ್ಟರಿಗೆ ಕೆಲಸ.

ನಾನಾದರೆ ಇದನ್ನು ಎರಡು ಕಡೆಯಿಂದ ಹಿಡಿಯುತ್ತೇನೆ. ಸೈಕಲ್ ಚಕ್ರ ಬಿಟ್ಟು ಗುಜರಿಯಲ್ಲಿ ಸಿಗುವ ಮೊಪೆಡ್‌ನ 16 ಇಂಚಿನ ಚಕ್ರಗಳನ್ನು ಹಾಕುತ್ತೇನೆ. ಅವು ಒಂದು ಸುತ್ತಿಗೆ 1.66 ಮೀಟರ್ ಹೋಗುತ್ತವೆ. ಕನ್ವರ್ಟರ್ ಆದ ಮೇಲಿನ ಗೇರ್ ಏಳೂವರೆಗೆ ಒಂದು ಸಾಕು. ಒಂದೇ ಚೈನಿನಲ್ಲಿ ಅದು ಬರುವುದಿಲ್ಲ, ಚಕ್ರದ ಸ್ಪ್ರಾಕೆಟ್ ದೋಸೆ ಹೆಂಚಿನಷ್ಟಾಗುತ್ತದೆ. ನಡುವೆ ಒಂದು ಶಾಫ್ಟ್ ಹಾಕಿ ಎರಡು ಹಂತ ಮಾಡಿ. ಮೊದಲು 12 ಹಲ್ಲಿನಿಂದ 28ಕ್ಕೆ, ಆಮೇಲೆ 13ರಿಂದ 42ಕ್ಕೆ. ನೂರು ಸಿಸಿ ಬೈಕಿನ ಹಿಂದಿನ ಸ್ಪ್ರಾಕೆಟ್ 42 ಹಲ್ಲಿನ ಆಸುಪಾಸಿನಲ್ಲೇ ಇರುತ್ತದೆ. ಆ ಸ್ಪ್ರಾಕೆಟ್, ಚೈನು ಎಲ್ಲ ಊರಿನ ಸ್ಪೇರ್ ಅಂಗಡಿಯಲ್ಲೂ ಸಿಗುತ್ತವೆ. ಇನ್ನೊಂದು ಕಡೆಯಿಂದ, ಎಂಜಿನ್‌ನ ಸುತ್ತು ಮಿತಿ ಮೀರದಂತೆ ಹಿಡಿಯುವ ಗವರ್ನರ್‌ನ ಲಿವರ್‌ಗೆ ಅಡ್ಡ ಒಂದು ಸ್ಕ್ರೂ ಕೊಟ್ಟು 2800 ಸುತ್ತಿಗೆ ನಿಲ್ಲಿಸಿ. ಆಗ ಗಾಡಿ ಹೆಚ್ಚೆಂದರೆ 41 ಕಿ.ಮೀ. ಹತ್ತಿರ ನಿಲ್ಲುತ್ತದೆ. ಮಣ್ಣು ರಸ್ತೆಗೆ ಅದೂ ಹೆಚ್ಚೇ.

ಗವರ್ನರ್ ಕಿತ್ತು ಎಸೆಯಿರಿ, ಎಂಜಿನ್ ಬಿಚ್ಚಿ ಓಡುತ್ತೆ ಅನ್ನುವ ವಿಡಿಯೊ ಬೇಕಾದಷ್ಟಿವೆ. ಕೇಳಬೇಡಿ. ಎಕ್ಸಲೇಟರ್ ಕೇಬಲನ್ನು ಗವರ್ನರ್‌ನ ಲಿವರ್‌ಗೇ ಕಟ್ಟಿ, ಕಾರ್ಬೊರೇಟರ್‌ನ ಚಿಟ್ಟೆಗೆ, ಅಂದರೆ ಗಾಳಿ ಬಿಡುವ ತಟ್ಟೆಗೆ, ನೇರ ಕಟ್ಟಬೇಡಿ. ಬೆಲ್ಟ್ ಒಂದು ವೇಳೆ ತುಂಡಾದರೆ ಭಾರ ಇಲ್ಲದ ಎಂಜಿನ್ ಎಷ್ಟು ಸುತ್ತಿಗಾದರೂ ಏರುತ್ತದೆ. ಆಗ ಅದನ್ನು ತಡೆಯುವುದು ಗವರ್ನರ್ ಮಾತ್ರ. ಹ್ಯಾಂಡಲ್ ಮೇಲೆ ಹೆಬ್ಬೆರಳಿಗೆ ಸಿಗುವಂತೆ, ಎಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ ಇರಲೇಬೇಕು.

ಕೂರಿಸುವ ಕೆಲಸದಲ್ಲಿ ಮೊದಲು ಯಾವ ಪಕ್ಕ ಅನ್ನೋದು ತೀರ್ಮಾನ ಆಗಲಿ. ಶಾಫ್ಟ್ ನಿಮ್ಮ ಮುಖಕ್ಕೆ ಬರುವಂತೆ ನಿಂತು ನೋಡಿದರೆ ಈ ಎಂಜಿನ್ ಗಡಿಯಾರಕ್ಕೆ ಎದುರು ತಿರುಗುತ್ತದೆ. ಗಾಡಿಯ ಎಡಗಡೆ ನಿಂತು ನೋಡಿದರೆ ಮುಂದೆ ಹೋಗುವ ಚಕ್ರವೂ ಹಾಗೇ ತಿರುಗುತ್ತದೆ. ಹಾಗಾಗಿ ಶಾಫ್ಟ್ ಎಡಕ್ಕೆ ಇರಲಿ. ಪೆಡಲ್ ಉಳಿಸಿಕೊಂಡರೆ ಅದರ ಚೈನು ಬಲಕ್ಕೆ ಇರುವುದರಿಂದ ಜಗಳವೂ ಇಲ್ಲ.

ಅಪ್ಪನ ಸೈಕಲ್‌ನ ಪೈಪಿಗೆ ಕರೆಂಟ್ ವೆಲ್ಡಿಂಗ್ ಇಡಬೇಡಿ. ಅದರ ಗೋಡೆ ತೆಳು, ತೂತು ಬೀಳುತ್ತದೆ. ತೂತು ಬೀಳದಿದ್ದರೂ ವೆಲ್ಡಿನ ಪಕ್ಕದಲ್ಲೇ ಆಮೇಲೆ ಸೀಳುತ್ತದೆ. ಒಂಟಿ ಸಿಲಿಂಡರ್ ಎಂಜಿನ್ ಅಂದರೆ ನಡುಕದ ಯಂತ್ರ. ನಿಜ ಹೇಳಬೇಕೆಂದರೆ ಆ ಫ್ರೇಮ್ ಈ ಎಂಜಿನ್‌ಗೆ ಆಗಲ್ಲ. ಅದನ್ನು ಒರೆಸಿ ಅಟ್ಟದ ಮೇಲಿಡಿ, ಅಪ್ಪನಿಗೂ ಸಂತೋಷ ಆಗುತ್ತದೆ. ದಪ್ಪ ಪೈಪಿನಲ್ಲಿ ಕೆಳಗೆ ಜೋಡಿ ಕೊಳವೆ ಇರುವ ಉದ್ದನೆಯ ಫ್ರೇಮ್ ಹೊಸದಾಗಿ ಮಾಡಿಸಿ. ಶಿವಮೊಗ್ಗದಲ್ಲಿ ಲೇತ್‌ಗೂ ಒಳ್ಳೆ ವೆಲ್ಡರ್‌ಗೂ ಬರ ಇಲ್ಲ. ಎಂಜಿನ್ ಕೂರುವ ತಟ್ಟೆ 6 ಮಿ.ಮೀ. ದಪ್ಪ ಇರಲಿ. ಬೋಲ್ಟ್ ತೂತುಗಳನ್ನು ಉದ್ದುದ್ದ ಕಡಿಸಿ, ಎಂಜಿನ್ ಹಿಂದೆ ಮುಂದೆ ಸರಿಸಿ ಚೈನು ಬಿಗಿ ಮಾಡಬಹುದು. ನಟ್ ಎಲ್ಲ ನೈಲಾನ್ ಇರುವ ಲಾಕ್ ನಟ್ ಆಗಿರಲಿ. ಸಾದಾ ನಟ್ ಹಾಕಿದರೆ ವಾರಕ್ಕೊಂದನ್ನು ರಸ್ತೆಯಲ್ಲಿ ಹುಡುಕಬೇಕಾಗುತ್ತದೆ.

ಬೆಲ್ಟ್ ಹಾಕುವಾಗ ಅದರ ಅಂಚು ನೋಡಿ. ಎರಡೂ ಪಕ್ಕ ಒಂದೇ ತರಹ ಇರುವುದಿಲ್ಲ. ಒಂದು ಪಕ್ಕ ಹೆಚ್ಚು ಕಡಿಮೆ ನೇರ, ಇನ್ನೊಂದು ಓರೆ. ನೇರ ಪಕ್ಕ ಎಂಜಿನ್ ಕಡೆಗೆ ಬರಬೇಕು. ತಿರುಗಾಮುರುಗಾ ಹಾಕಿದರೂ ಗಾಡಿ ಓಡುತ್ತದೆ, ಅದೇ ಮೋಸ. ನಾಲ್ಕು ದಿನದಲ್ಲಿ ಬೆಲ್ಟ್ ಹಿಟ್ಟಾಗಿ ಕವರ್ ತುಂಬಾ ಕರಿ ಪುಡಿ. ನಾನು ಒಂದು ಬೆಲ್ಟ್ ಹಾಗೇ ಕಳೆದುಕೊಂಡೆ. ಪುಲ್ಲಿಗಳು ಜಾರುವ ಬುಷ್‌ಗೆ ಗ್ರೀಸ್ ಹಚ್ಚಬೇಡಿ. ಬಿಸಿಯಾದಾಗ ಕರಗಿ ಬೆಲ್ಟ್‌ಗೆ ಹಾರುತ್ತದೆ. ಒಣ ಗ್ರಾಫೈಟ್ ಸಾಕು. ಕಿಟ್‌ನ ಹಿಂದಿನ ಶಾಫ್ಟ್ 5/8 ಇಂಚು, ಅಂದರೆ 15.875 ಮಿ.ಮೀ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 15, 17 ಮಿ.ಮೀ. ಬೇರಿಂಗ್. ಇಂಚಿನದ್ದನ್ನೇ ಹೇಳಿ ತರಿಸಿ. ಚೈನಿನ ಎರಡು ಸ್ಪ್ರಾಕೆಟ್ ಒಂದೇ ಗೆರೆಯಲ್ಲಿವೆಯಾ ಅಂತ ನೇರವಾದ ಪಟ್ಟಿ ಇಟ್ಟು ನೋಡಿ, ಕಣ್ಣಳತೆ ನಂಬಬೇಡಿ.

ಮಳೆಗೆ ಈ ಕನ್ವರ್ಟರ್ ಹುಟ್ಟಿದ್ದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ. ನಿಮ್ಮ ಹೊಸನಗರವೂ ಅದರ ನೆಂಟನೇ. ಬೆಲ್ಟ್ ಒದ್ದೆಯಾದರೆ ಕಿರ್ರಂತ ಕೂಗಿ ಜಾರುತ್ತದೆ, ಅದೂ ಏರಿನ ನಡುವೆ. ಸ್ಕೂಟರ್‌ನಲ್ಲಿ ಇದನ್ನು ಪೂರ್ತಿ ಡಬ್ಬಿಯೊಳಗಿಟ್ಟು ಮೇಲಿನಿಂದ ಗಾಳಿ ಎಳೆಯುತ್ತಾರೆ. ಕಿಟ್ ಜೊತೆ ಬರುವ ಕವರ್ ಕೈಗೆ ತಾಗದಿರಲಿ ಅಂತ ಇರುವುದು, ನೀರು ತಡೆಯಲು ಅಲ್ಲ. ತಗಡಿನಲ್ಲಿ ಒಂದು ಪೆಟ್ಟಿಗೆ ಮಾಡಿಸಿ, ಮುಂದಿನ ಚಕ್ರದ ಕೆಸರು ಬರುವ ಕಡೆ ಮುಚ್ಚಿ, ಹಿಂದೆ ಮೇಲ್ಗಡೆ ಗಾಳಿಗೆ ಬಿಡಿ. ಪೂರ್ತಿ ಮುಚ್ಚಿದರೆ ಬೆಲ್ಟ್ ಬಿಸಿಗೆ ಸಾಯುತ್ತದೆ. ಇಷ್ಟು ಮಾಡಿದರೂ ಜೂನ್‌ನಿಂದ ಆಗಸ್ಟ್‌ವರೆಗೆ ಇದನ್ನು ನೆಚ್ಚಬೇಡಿ. ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯುವ ಹೊತ್ತಿಗೇ ಕೈ ಕೊಡುತ್ತದೆ.

ಈಗ ಇಳಿಜಾರು. ನೀವು ಬೈಕ್ ಓಡಿಸುವವರಾದರೆ ಘಾಟಿ ಇಳಿಯುವಾಗ ಎರಡನೇ ಗೇರಿಗೆ ಹಾಕಿ ಎಂಜಿನ್‌ನಿಂದಲೇ ಹಿಡಿದಿಡುವ ಅಭ್ಯಾಸ ಇರುತ್ತದೆ. ಆಗುಂಬೆಯ 14 ತಿರುವನ್ನು ಬರೀ ಬ್ರೇಕ್ ಒತ್ತಿ ಇಳಿಯುವವರು ಯಾರಿದ್ದಾರೆ? ಈ ಕನ್ವರ್ಟರ್‌ನಲ್ಲಿ ಆ ಹಿಡಿತ ಸಿಗಲ್ಲ. ಎಕ್ಸಲೇಟರ್ ಬಿಟ್ಟು ಎಂಜಿನ್ ಸುತ್ತು ಇಳಿದ ತಕ್ಷಣ ಮುಂದಿನ ಪುಲ್ಲಿ ಬಾಯಿ ಬಿಡುತ್ತದೆ, ಬೆಲ್ಟ್ ಸಡಿಲ. ಅಲ್ಲಿಂದ ಮುಂದೆ ನೀವು ನ್ಯೂಟ್ರಲ್‌ನಲ್ಲಿ ಉರುಳುತ್ತಿರುತ್ತೀರಿ. ಹಿಡಿಯಲು ಇರುವುದು ಬ್ರೇಕ್ ಒಂದೇ.

ನಿಮ್ಮ ಮನೆಯಿಂದ ತೋಟಕ್ಕೆ 60 ಮೀಟರ್ ಇಳುಕಲು ಅಂದುಕೊಳ್ಳಿ. 140 ಕೆಜಿ ಅಷ್ಟು ಇಳಿದು ನಿಂತರೆ ಬ್ರೇಕ್ ನುಂಗಬೇಕಾದ ಬಿಸಿ ಕಾಲು ಲೀಟರ್ ತಣ್ಣೀರು ಕುದಿಸುವಷ್ಟಾಗುತ್ತದೆ. ಡ್ರಮ್ ಬ್ರೇಕ್‌ಗೆ ಅದು ಲೆಕ್ಕಕ್ಕಿಲ್ಲ. ಸೈಕಲ್‌ನ ರಬ್ಬರ್ ತುಂಡಿಗೆ ಜಾಸ್ತಿ. ಅದರಲ್ಲೂ ಸ್ಟೀಲ್ ರಿಮ್ ಒದ್ದೆಯಾಗಿದ್ದರೆ ರಬ್ಬರ್ ಸುಮ್ನೆ ಸವರುತ್ತದೆ, ಹಿಡಿಯುವುದಿಲ್ಲ. ಮೊಪೆಡ್ ಚಕ್ರ ಹಾಕಿ ಅಂತ ನಾನು ಹಟ ಹಿಡಿದಿದ್ದು ಇದಕ್ಕೆ. ಅದರಲ್ಲಿ ಎರಡೂ ಕಡೆ ಡ್ರಮ್ ಇರುತ್ತದೆ, ಸ್ಪ್ರಾಕೆಟ್ ಕೂರಲು ಹಬ್ ಇರುತ್ತದೆ. ಸೈಕಲ್ ಕಡ್ಡಿಗಳಿಗೇ ಸ್ಪ್ರಾಕೆಟ್ ಕಚ್ಚಿಸುವ ಪದ್ಧತಿ ಇದೆ. 35 ಸಿಸಿಗೆ ಹೇಗೋ ನಡೆಯುತ್ತದೆ. ನಿಮ್ಮ ಎಂಜಿನ್‌ಗೆ ಒಂದು ವಾರದಲ್ಲಿ ಕಡ್ಡಿ ಪಟಪಟ ಹಾರುತ್ತವೆ. ಮುಂದಿನ ಫೋರ್ಕ್ ಕೂಡ ಮೊಪೆಡ್‌ದೇ ಇರಲಿ. ಬೇರೆ ಬೇರೆ ಲಿವರ್‌ನಲ್ಲಿ ಎರಡು ಬ್ರೇಕ್ ಇರಲಿ. ಮೊದಲ ದಿನ ಎಂಜಿನ್ ಹಾಕದೇ ಬರೀ ಗಾಡಿಯನ್ನು ಆ ಇಳಿಜಾರಿನಲ್ಲಿ ಬಿಟ್ಟು, ಸಾಮಾನು ಹೇರಿ, ನಿಲ್ಲಿಸಿ ನೋಡಿ. ನಿಂತರೆ ಎಂಜಿನ್ ಕೂರಿಸಿ.

ಮೊಪೆಡ್ ಚಕ್ರ, ಮೊಪೆಡ್ ಫೋರ್ಕ್, ಹೊಸ ಫ್ರೇಮ್. ಇನ್ನು ಸೈಕಲ್ ಎಲ್ಲಿ ಉಳಿಯಿತು ಅಂತ ಕೇಳುತ್ತೀರಿ. ಉಳಿಯಲಿಲ್ಲ, ನಿಜ. 1972ರಲ್ಲಿ ಲೂನಾ ಬಂದಾಗಲೂ ಕಥೆ ಇದೇ. ಪೆಡಲ್ ಇತ್ತು, 50 ಸಿಸಿ ಎಂಜಿನ್ ಇತ್ತು, ಆದರೆ ಅದನ್ನು ಸೈಕಲ್‌ಗೆ ಎಂಜಿನ್ ಕಟ್ಟಿ ಮಾಡಿರಲಿಲ್ಲ. ಎಂಜಿನ್‌ಗೆ ತಕ್ಕ ಚಕ್ರ, ತಕ್ಕ ಬ್ರೇಕ್ ಇಟ್ಟು ಮಾಡಿದ್ದರು. ನಿಮ್ಮ ಎಂಜಿನ್‌ನ 163 ಸಿಸಿ ಅದರ ಮೂರು ಪಟ್ಟು.

ಪೇಟೆಗೆ ಓಡಿಸಬಹುದಾ? ಆಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು, ಎಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ ಅದು ಮೋಟಾರು ವಾಹನ ಅಲ್ಲ. ಅದರ ಮೇಲೆ ಹೋದರೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕು. ಮನೆಯಲ್ಲಿ ಕಟ್ಟಿದ ಗಾಡಿಗೆ ನೋಂದಣಿ ಸಿಗುವುದು ಕನಸಿನ ಮಾತು. ದಂಡ ಕಟ್ಟಿದರೆ ಮುಗಿಯಿತು ಅಂತಲೂ ಅಲ್ಲ. ಯಾರಿಗಾದರೂ ತಾಗಿ ಪೆಟ್ಟಾದರೆ, ವಿಮೆ ಇಲ್ಲದ ಗಾಡಿಯ ಪರಿಹಾರ ನಿಮ್ಮ ಕೈಯಿಂದಲೇ ಹೋಗುತ್ತದೆ. ಅದಕ್ಕಿಂತ ಮೊದಲು ನೋಡಬೇಕಾದದ್ದು, ಆ ಒಂದೂವರೆ ಕಿಲೋಮೀಟರ್ ರಸ್ತೆ ನಿಮ್ಮ ಖಾತೆಯ ಜಾಗವೋ ಪಂಚಾಯ್ತಿಯದೋ? ಊರಿನವರೆಲ್ಲ ಓಡಾಡುವ ದಾರಿಯಾದರೆ ಕಾಯ್ದೆಯ ಕಣ್ಣಿಗೆ ಅದೂ ಪೇಟೆ ರಸ್ತೆಯೂ ಒಂದೇ. ನಿಮ್ಮದೇ ಬೇಲಿಯೊಳಗಿನ ದಾರಿಯಾದರೆ ಮಾತ್ರ ನಾನು ಮೇಲೆ ಹೇಳಿದ್ದೆಲ್ಲ ನಿಮಗೆ ಉಪಯೋಗ.

ದಾರಿ ಪಂಚಾಯ್ತಿಯದಾದರೆ ನನ್ನ ಸಲಹೆ ಬೇರೆ. ಕಾಗದಪತ್ರ ಸರಿಯಿರುವ ಹಳೇ ಟಿವಿಎಸ್ ಎಕ್ಸ್‌ಎಲ್ ಒಂದನ್ನು ಕೊಳ್ಳಿ. ಚೀಲ ಹೊರುತ್ತದೆ, ಮಳೆಗೆ ಹೆದರುವುದಿಲ್ಲ. ಕೈಯಲ್ಲಿ ಏನಾದರೂ ಕಟ್ಟಲೇಬೇಕು ಅನ್ನೋ ತುರಿಕೆ ನಿಮ್ಮದಾಗಿದ್ದರೆ, ನನಗೂ ಅದೇ ರೋಗ ಇದೆ. ಹಾಗಾದರೆ ಬೇಲಿಯೊಳಗೆ ಓಡಾಡಲು ಅಪ್ಪನ ಸೈಕಲ್‌ಗೆ ಕಳೆ ಕೊಚ್ಚುವ ಮಷೀನಿನ 35 ಸಿಸಿ ಎಂಜಿನ್ ಸಾಕು. ತೂಕ ಮೂರೂವರೆ ಕೆಜಿ ಒಳಗೆ. 7000 ಸುತ್ತಿನಲ್ಲಿ 1.3 ಎಚ್‌ಪಿ. ಆ ಎಂಜಿನ್‌ಗೆ ಈ ಕನ್ವರ್ಟರ್ ಹೊಂದುವುದಿಲ್ಲ, ಅದರ ಸ್ವಂತ ಕ್ಲಚ್ ಇಟ್ಟುಕೊಂಡು ಒಟ್ಟು 38ಕ್ಕೆ ಒಂದರಷ್ಟು ಗೇರ್ ಇಳಿಸಿ. ಸಮತಟ್ಟಿನಲ್ಲಿ 25 ಕಿ.ಮೀ. ಹೋಗುತ್ತದೆ. ಒಂಬತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯನ್ನು ತಾನೇ ಹತ್ತುತ್ತದೆ, ಅದಕ್ಕಿಂತ ಕಡಿದಾದರೆ ನೀವು ತುಳಿದು ಸಹಾಯ ಮಾಡಬೇಕು. ಭಾರೀ ಸಾಮಾನು ಮಾತ್ರ ಆಗಲ್ಲ. ಇದೂ 25 ಸಿಸಿ ಮೀರಿದ್ದೇ, ನೆನಪಿರಲಿ. ಬ್ರೇಕ್ ರಬ್ಬರ್ ಹೊಸದು ಹಾಕಿಸಿ, ಮಳೆಯಲ್ಲಿ ತಳ್ಳಿಕೊಂಡು ಇಳಿಯಿರಿ.

ರಸ್ತೆಗೆ ತೊಂದರೆ ಇಲ್ಲದ್ದು ಬ್ಯಾಟರಿ ಸೈಕಲ್. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, 25 ಕಿ.ಮೀ. ವೇಗಕ್ಕೆ ಮೋಟಾರು ತಾನೇ ನಿಲ್ಲುವಂತಿದ್ದರೆ ನೋಂದಣಿ ಬೇಡ. ಆದರೆ ನಿಮ್ಮ ಏರಿನಲ್ಲಿ ಅದು ಬರೀ ಮೋಟಾರಿನ ಬಲದಿಂದ ಗಂಟೆಗೆ ಎಂಟು ಕಿ.ಮೀ. ಹೋದರೆ ಹೆಚ್ಚು. ಮಳೆಗಾಲದಲ್ಲಿ ನಿಮ್ಮೂರಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತೆ ಅಂತ ನಿಮಗೇ ಗೊತ್ತು.

ಕಿಟ್‌ಗೆ ಇವತ್ತೇ ಆರ್ಡರ್ ಹಾಕಬೇಡಿ. ಪಂಪ್ ಬಿಚ್ಚಿ, ಶಾಫ್ಟ್ ಒರೆಸಿ, ವರ್ನಿಯರ್ ಇರುವ ಯಾವುದಾದರೂ ಲೇತ್ ಅಂಗಡಿಗೆ ಎಂಜಿನ್ ಒಯ್ಯಿರಿ. ದಪ್ಪ, ಉದ್ದ, ಕೀ ತೋಡು ಇದೆಯೋ ಇಲ್ಲವೋ, ಎಂಜಿನ್ ಪಕ್ಕ ಗೇರ್ ಡಬ್ಬಿ ಇದೆಯೋ ಇಲ್ಲವೋ ಬರೆದು ಕಳಿಸಿ. ಜೊತೆಗೆ ಆ ರಸ್ತೆಯ ಅತಿ ಕಡಿದಾದ ಜಾಗದಲ್ಲಿ ಹತ್ತು ಅಡಿ ಉದ್ದದ ದಬ್ಬೆಯನ್ನು ಮಟ್ಟಸವಾಗಿ ಹಿಡಿದು, ಅದರ ತುದಿ ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲುತ್ತೆ ಅಂತ ಅಳೆದು ತಿಳಿಸಿ. ಹಲ್ಲಿನ ಲೆಕ್ಕ ಅದರ ಮೇಲೆ ಸರಿ ಮಾಡಿ ಕೊಡುತ್ತೇನೆ.